ಮೈ ಏಳದ ದಿನಗಳು, ಕೈ ಬಾರದ ಕೆಲಸಗಳು

ಒಬ್ಬ ಹಳೆಯ ಸಹೋದ್ಯೋಗಿ ತಮ್ಮ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ನನಗೆ ಕಳುಹಿಸಿ, "ಅವಸರವೇನೂ ಇಲ್ಲ, ಪುರುಸೊತ್ತಾದಾಗ ಓದಿ ಎರಡು ಮಾತು ಬರೆಯಿರಿ" ಎಂದಿದ್ದರು. ಓದಲು ನನಗೆ ನಾಲ್ಕು ದಿನ ಹಿಡಿಯಿತು. ಆ ಎರಡು ಮಾತು ಬರೆಯಲು ಎಂಟು ತಿಂಗಳು. ಉತ್ತರದ ಕರಡು ಮೊದಲ ವಾರದಲ್ಲಿಯೇ ಹುಟ್ಟಿಕೊಂಡಿತ್ತು. "ನಮಸ್ಕಾರ. ನಿಮ್ಮ ಹಸ್ತಪ್ರತಿಯನ್ನು ಪೂರ್ತಿಯಾಗಿ ಓದಿದೆ. ಮೊದಲನೆಯದಾಗಿ" ಎಂಬಲ್ಲಿಗೆ ಅದು ನಿಂತಿತ್ತು. ವಾರಕ್ಕೊಮ್ಮೆಯಾದರೂ ಅದನ್ನು ತೆರೆಯುತ್ತಿದ್ದೆ, "ಮೊದಲನೆಯದಾಗಿ" ಎಂಬುದರ ಮುಂದೆ ಮಿನುಗುವ ಗೆರೆಯನ್ನು ನೋಡುತ್ತ ಕೂರುತ್ತಿದ್ದೆ, ಆ ಪದವನ್ನು ಅಳಿಸಿ "ಮೊದಲಿಗೆ" ಎಂದು ಬರೆಯುತ್ತಿದ್ದೆ, ಮುಂದಿನ ವಾರ ಅದನ್ನು ಮತ್ತೆ "ಮೊದಲನೆಯದಾಗಿ" ಎಂದು ತಿದ್ದುತ್ತಿದ್ದೆ. ಎಂಟು ತಿಂಗಳಲ್ಲಿ ಆ ಪತ್ರ ಕಂಡ ಪ್ರಗತಿ ಇಷ್ಟೇ.

ಅದೇ ಎಂಟು ತಿಂಗಳ ನಡುವೆ, ಕೆಟ್ಟು ನಿಂತಿದ್ದ ಗೋಡೆ ಗಡಿಯಾರವೊಂದನ್ನು ಬಿಚ್ಚಿ, ಅದರ ಹಲ್ಲುಚಕ್ರಗಳನ್ನು ಹಳೆಯ ಪತ್ರಿಕೆಯ ಮೇಲೆ ಹರಡಿಕೊಂಡು, ಯಾವುದು ಯಾವುದರ ಪಕ್ಕದಲ್ಲಿತ್ತೆಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು, ಹನ್ನೊಂದು ರಾತ್ರಿ ಕೂತು ಅದನ್ನು ಮತ್ತೆ ಜೋಡಿಸಿದ್ದೆ. ಅದು ಈಗಲೂ ನಡೆಯುತ್ತದೆ, ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆ ಅಷ್ಟೆ. ಅದನ್ನು ರಿಪೇರಿ ಮಾಡೆಂದು ಯಾರೂ ಕೇಳಿರಲಿಲ್ಲ. ನಾಲ್ಕು ಸಾಲಿನ ಪತ್ರ ಬರೆಯಲಾಗದವಳು ಹನ್ನೊಂದು ರಾತ್ರಿ ನಿದ್ದೆಗೆಟ್ಟು ಗಡಿಯಾರ ಕಟ್ಟಬಲ್ಲಳು ಎಂದಾದರೆ, ಅವಳಲ್ಲಿ ದುಡಿಯುವ ಶಕ್ತಿಯೇ ಇಲ್ಲವೆಂದು ಹೇಳುವುದು ಕಷ್ಟ. ಆದರೂ ಆ ದಿನಗಳಲ್ಲಿ ನನ್ನನ್ನು ನಾನು ಕರೆದುಕೊಳ್ಳುತ್ತಿದ್ದುದು ಒಂದೇ ಹೆಸರಿನಿಂದ: ಮೈಗಳ್ಳಿ.

ಆ ಹೆಸರು ಚಿಕ್ಕಂದಿನಲ್ಲಿಯೇ ಅಂಟಿಕೊಂಡದ್ದು. "ಏನೇ, ಗಂಟೆ ಎಷ್ಟಾಯ್ತು ನೋಡಿದ್ಯಾ? ಓದೋದಕ್ಕೆ ಅಡ್ಡಿಯಿಲ್ಲ, ಏಳು ಅಂದ್ರೆ ಮಾತ್ರ ಮೈಗಳ್ಳಿ" ಎಂದು ಅಮ್ಮ ಬೈಯುತ್ತಿದ್ದರು. ಬಹಳ ವರ್ಷಗಳ ಮೇಲೆ ಆ ಪದವನ್ನು ಒಡೆದು ನೋಡಿದಾಗ ಅದರೊಳಗಿನ ಆರೋಪ ಎಷ್ಟು ಗಟ್ಟಿಯಾದದ್ದೆಂದು ಹೊಳೆಯಿತು. ಮೈ ಮತ್ತು ಕಳ್ಳ; ತನ್ನ ಮೈಯನ್ನೇ ಕೆಲಸದಿಂದ ಕದ್ದುಕೊಂಡು ಹೋಗುವವನು ಮೈಗಳ್ಳ. ಕದಿಯಬೇಕಾದರೆ ಮೊದಲು ವಸ್ತುವಿರಬೇಕು, ಆಮೇಲೆ ಕದಿಯುವ ಉದ್ದೇಶವಿರಬೇಕು. ಮೈಯಲ್ಲಿ ಕಸುವು ತುಂಬಿಕೊಂಡಿದೆ, ಆದರೆ ಇವನು ಅದನ್ನು ಬೇಕೆಂದೇ ಬಚ್ಚಿಟ್ಟುಕೊಂಡಿದ್ದಾನೆ ಎಂಬ ಎರಡು ತೀರ್ಮಾನಗಳನ್ನು ವಿಚಾರಣೆಯೇ ಇಲ್ಲದೆ ಆ ಒಂದು ಪದ ಕೊಟ್ಟುಬಿಡುತ್ತದೆ.

ಆದರೆ ಇದೇ ಕನ್ನಡ ನಮ್ಮ ವಿಷಯ ಬಂದಾಗ ಎಷ್ಟು ನಯವಾಗುತ್ತದೆಂದು ಗಮನಿಸಿ. "ಇವತ್ತು ಮೈ ಏಳಲಿಲ್ಲ" ಎನ್ನುತ್ತೇವೆ, "ಯಾಕೋ ಮನಸ್ಸು ಬರಲಿಲ್ಲ" ಎನ್ನುತ್ತೇವೆ, "ಬರೆಯಲು ಕೈ ಬರಲಿಲ್ಲ" ಎನ್ನುತ್ತೇವೆ. ಮೂರೂ ವಾಕ್ಯಗಳಲ್ಲಿ ಕರ್ತೃ ನಾನಲ್ಲ. ಏಳದ್ದು ಮೈ, ಬಾರದ್ದು ಮನಸ್ಸು, ಬಾರದ್ದು ಕೈ. ಇದನ್ನು ನುಣುಚಿಕೊಳ್ಳುವ ವ್ಯಾಕರಣವೆಂದು ಯಾರಾದರೂ ನಗಬಹುದು, ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಈಗ ನನಗೆ ಆ ಮೂರು ಮಾತುಗಳೇ ಹೆಚ್ಚು ನಿಖರವಾಗಿ ಕಾಣುತ್ತವೆ, ಏಕೆಂದರೆ ಕೆಲಸ ಎಲ್ಲಿ ನಿಂತಿತೆಂಬುದನ್ನಾದರೂ ಅವು ತೋರಿಸುತ್ತವೆ. "ಸೋಮಾರಿ" ಎಂಬುದು ಏನನ್ನೂ ತೋರಿಸುವುದಿಲ್ಲ. ಅವನು ಏಕೆ ಮಾಡಲಿಲ್ಲ? ಸೋಮಾರಿ, ಅದಕ್ಕೆ. ಸೋಮಾರಿಯೆಂದು ಹೇಗೆ ಗೊತ್ತಾಯಿತು? ಮಾಡಲಿಲ್ಲವಲ್ಲ! ಕಾರಣದ ವೇಷ ತೊಟ್ಟ ಈ ವರ್ಣನೆಯನ್ನು ಗಾಣದೆತ್ತಿನ ಹಾಗೆ ಎಷ್ಟು ಸುತ್ತಿದರೂ ಹೊಸ ಸಂಗತಿಯೊಂದು ಹೊರಬರುವುದಿಲ್ಲ.

ನನ್ನ ಮಟ್ಟಿಗೆ ಈ ಸುತ್ತು ತುಂಡಾದದ್ದು ಮೆಟ್ಟಿಲುಗಳ ಮೇಲೆ. ಎರಡನೆಯ ಮಹಡಿಗೆ ಹತ್ತುವಾಗ ಮೊದಲ ತಿರುವಿನಲ್ಲಿಯೇ ನಿಂತು, ಕಂಬಿಯ ಮೇಲೆ ಕೈಯಿಟ್ಟು, ಫೋನ್ ನೋಡುವವಳಂತೆ ನಟಿಸುವುದು ನನಗೆ ಅಭ್ಯಾಸವಾಗಿತ್ತು. ವಯಸ್ಸು ಎಂದುಕೊಂಡೆ, ವ್ಯಾಯಾಮವಿಲ್ಲ ಎಂದುಕೊಂಡೆ, ಕೊನೆಗೆ ಎಂದಿನಂತೆ ಮೈಗಳ್ಳತನ ಎಂದುಕೊಂಡೆ. ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು. ಫೆರಿಟಿನ್ ಮಾತ್ರ 9 ಎಂದು ಬಂದಿತ್ತು. ದೇಹದಲ್ಲಿ ದಾಸ್ತಾನಾಗಿರುವ ಕಬ್ಬಿಣದ ಅಳತೆಯೇ ಫೆರಿಟಿನ್. ವಯಸ್ಕರಲ್ಲಿ ಅದು ಮಿಲಿಲೀಟರಿಗೆ 15 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕಬ್ಬಿಣದ ಕೊರತೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಉಗ್ರಾಣ ಖಾಲಿಯಾಗುತ್ತ ಬಂದರೂ ದೇಹ ರಕ್ತಕ್ಕೆ ಕಬ್ಬಿಣ ಒದಗಿಸುವುದನ್ನು ಕೊನೆಯವರೆಗೆ ನಿಲ್ಲಿಸುವುದಿಲ್ಲವಾದ್ದರಿಂದ, ಹಿಮೋಗ್ಲೋಬಿನ್ ಸರಿಯಿರುವ ಕಾಲದಲ್ಲಿಯೇ ಸ್ನಾಯುಗಳಲ್ಲಿ, ಮಿದುಳಿನಲ್ಲಿ ಬರ ಶುರುವಾಗಿರಬಹುದು. ಜೀವಕೋಶಗಳು ಶಕ್ತಿ ಉತ್ಪಾದಿಸಲು ಕಬ್ಬಿಣ ಬೇಕು. ಕೆಲಸಕ್ಕೆ ಮನಸ್ಸನ್ನು ಹುರಿದುಂಬಿಸುವ ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸಲು ಮಿದುಳು ಬಳಸುವ ಕಿಣ್ವಕ್ಕೂ ಅದು ಬೇಕು. ಈ ಎರಡನೆಯ ಸಂಗತಿ ನನಗೆ ಮೊದಲು ತಿಳಿದಿರಲಿಲ್ಲ. ತಿಳಿದ ಮೇಲೆ ಬಹಳ ಹೊತ್ತು ಅದನ್ನೇ ಯೋಚಿಸುತ್ತ ಕುಳಿತೆ. ಮೈ ಏಳದಿರುವುದಕ್ಕೂ ಮನಸ್ಸು ಬಾರದಿರುವುದಕ್ಕೂ ಒಂದೇ ಲೋಹ ಕಾರಣವಾಗಿರಬಹುದಾದರೆ, ಶೀಲದ ಬಗ್ಗೆ ಕೊಟ್ಟ ತೀರ್ಪುಗಳನ್ನೆಲ್ಲ ಒಮ್ಮೆ ಮರುಪರಿಶೀಲಿಸಬೇಕಾಗುತ್ತದೆ.

ಹಾಗೆ ಒಂದು ಇಡೀ ಪ್ರದೇಶದ ಜನರ ಮೇಲಿನ ತೀರ್ಪನ್ನೇ ಮರುಪರಿಶೀಲಿಸಬೇಕಾಗಿ ಬಂದ ಪ್ರಸಂಗ ಇತಿಹಾಸದಲ್ಲಿದೆ. ಅಮೆರಿಕದ ದಕ್ಷಿಣ ರಾಜ್ಯಗಳ ಬಡ ರೈತರನ್ನು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಸೋಮಾರಿಗಳೆಂದು ಗೇಲಿ ಮಾಡಲಾಗುತ್ತಿತ್ತು. ಬಿಳಿಚಿಕೊಂಡ ಮುಖ, ಜೋತುಬಿದ್ದ ಭುಜ, ಮಂಕುಬಡಿದ ಕಣ್ಣು. ದುಡಿಯಲೂ ಕಲಿಯಲೂ ಆಸಕ್ತಿಯಿಲ್ಲದ ಜನ ಎಂಬುದು ಎಲ್ಲರೂ ಒಪ್ಪಿಕೊಂಡ ಚಿತ್ರವಾಗಿತ್ತು. ಚಾರ್ಲ್ಸ್ ವಾರ್ಡೆಲ್ ಸ್ಟೈಲ್ಸ್ ಎಂಬ ಪ್ರಾಣಿಶಾಸ್ತ್ರಜ್ಞ 1902ರಲ್ಲಿ, ಇದು ಸ್ವಭಾವವಲ್ಲ, ಕರುಳಿನಲ್ಲಿ ನೆಲೆಸಿ ರಕ್ತ ಹೀರುವ ಕೊಕ್ಕೆಹುಳುವಿನ ಕೆಲಸ ಎಂದು ವಾದಿಸಿದ. ಮಲದಿಂದ ಮಣ್ಣಿಗೆ ಸೇರಿದ ಮೊಟ್ಟೆ ಮರಿಯಾಗಿ, ಬರಿಗಾಲಿನ ಬೆರಳ ಸಂದಿಯಿಂದ ಒಳಹೊಕ್ಕು, ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಗಂಟಲಿಗೇರಿ, ನುಂಗಿದ ಎಂಜಲಿನೊಡನೆ ಸಣ್ಣ ಕರುಳು ತಲುಪಿ ಕಚ್ಚಿಕೊಂಡು ಕೂರುತ್ತದೆ. ನೂರಾರು ಹುಳುಗಳು ವರ್ಷಗಟ್ಟಲೆ ಹನಿಹನಿಯಾಗಿ ರಕ್ತ ಹೀರಿದರೆ ಉಳಿಯುವುದು ಎದ್ದು ನಿಲ್ಲಲಾಗದ ಮೈ. ಪತ್ರಿಕೆಗಳು ಇದನ್ನು "ಸೋಮಾರಿತನದ ಕ್ರಿಮಿ" ಎಂದು ಕರೆದು ನಕ್ಕವು. ಆದರೆ 1909ರಲ್ಲಿ ಜಾನ್ ಡಿ. ರಾಕ್‌ಫೆಲರ್ ಕೊಟ್ಟ 10 ಲಕ್ಷ ಡಾಲರಿನಿಂದ ಒಂದು ಆಯೋಗ ಹುಟ್ಟಿ, ಹನ್ನೊಂದು ರಾಜ್ಯಗಳಲ್ಲಿ ಪರೀಕ್ಷೆ ನಡೆಸಿದಾಗ, ತಪಾಸಣೆಗೊಳಗಾದ ಶಾಲಾಮಕ್ಕಳಲ್ಲಿ ಸುಮಾರು 40 ಪ್ರತಿಶತ ಮಂದಿಯಲ್ಲಿ ಹುಳು ಕಂಡುಬಂತು. ಥೈಮೋಲ್ ಎಂಬ ಔಷಧ ಕೊಟ್ಟು, ಶೌಚದ ಗುಂಡಿ ತೋಡಿಸಿ, ಕಾಲಿಗೆ ಜೋಡು ತೊಡಿಸಿದ ಕಡೆಗಳಲ್ಲಿ ಶಾಲೆಗೆ ಬರುವ ಮಕ್ಕಳ ಪ್ರಮಾಣ ಏರಿತೆಂದು ಮುಂದೆ ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿ ತೋರಿಸಿದ್ದಾರೆ. ತಲೆಮಾರುಗಳು ಕೊಟ್ಟ ಬುದ್ಧಿಮಾತು ಮಾಡಲಾಗದ್ದನ್ನು ಜೋಡು ಮಾಡಿತು.

ಆ ಮಕ್ಕಳಲ್ಲಿ ಒಬ್ಬನನ್ನು ನಾನು ಆಗಾಗ ಊಹಿಸಿಕೊಳ್ಳುತ್ತೇನೆ. ಹಿಂದಿನ ಬೆಂಚಿನಲ್ಲಿ ತಲೆಯಾನಿಸಿ ಕುಳಿತವನು, ಮೇಷ್ಟರಿಂದ ದಿನವೂ ಬೈಸಿಕೊಳ್ಳುವವನು. ಅವನೂ ತನ್ನನ್ನು ಸೋಮಾರಿಯೆಂದೇ ನಂಬಿರುತ್ತಾನೆ, ಏಕೆಂದರೆ ಹುಳುವನ್ನು ಅವನು ಕಂಡಿಲ್ಲ, ಬೈಗುಳವನ್ನು ಮಾತ್ರ ಕೇಳಿದ್ದಾನೆ. ಒಳಗಿನಿಂದ ನೋಡಿದರೆ ರಕ್ತಹೀನತೆಯೂ ಮೈಗಳ್ಳತನವೂ ಒಂದೇ ಥರ ಇರುತ್ತವೆ ಎಂಬುದು ಈ ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವ ಅಂಶ. ನಿದ್ರೆಯ ಮಾತೂ ಹಾಗೆಯೇ. 2003ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಎರಡು ವಾರ ಕಾಲ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ, ಒಂದೆರಡು ರಾತ್ರಿ ಪೂರ್ತಿ ಎಚ್ಚರವಿದ್ದವರ ಮಟ್ಟಕ್ಕೆ ಕುಸಿದಿತ್ತು. ಆದರೆ ತಮಗೆ ಅಷ್ಟೊಂದು ನಿದ್ದೆ ಕಡಿಮೆಯಾಗಿದೆ ಎಂದು ಅವರಿಗೆ ಅನ್ನಿಸಿರಲಿಲ್ಲ. ಥೈರಾಯ್ಡ್ ಮಂದವಾದಾಗ, ಬಿ12 ಇಳಿದಾಗ, ರಾತ್ರಿಯಿಡೀ ಗೊರಕೆಯ ನಡುವೆ ಉಸಿರು ನಿಂತು ನಿಂತು ಹೊರಡುವಾಗ ಆಗುವುದೂ ಇದೇ. ಕಾರಣ ಒಳಗೆ ಅಡಗಿರುತ್ತದೆ, ಮನುಷ್ಯ ತನ್ನ ಗುಣವನ್ನು ಜರಿದುಕೊಳ್ಳುತ್ತಿರುತ್ತಾನೆ.

ಇಚ್ಛಾಶಕ್ತಿ ಎಂಬುದಕ್ಕೂ ಮಿದುಳಿನಲ್ಲಿ ಒಂದು ಠಾವಿದೆ ಎಂದರೆ ಕೆಲವರಿಗೆ ಹಿಡಿಸುವುದಿಲ್ಲ. ಫ್ರಾನ್ಸಿನ ನರವೈದ್ಯ ಡೊಮಿನಿಕ್ ಲಾಪ್ಲಾನ್ 1980ರ ದಶಕದಲ್ಲಿ ವಿವರಿಸಿದ ರೋಗಿಗಳನ್ನು ನೋಡಿದರೆ ಒಪ್ಪದೆ ವಿಧಿಯಿಲ್ಲ. ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗದ ಎರಡೂ ಪಕ್ಕಗಳಲ್ಲಿ ಸಣ್ಣ ಗಾಯವಾದ ಇವರ ಬುದ್ಧಿ ಹೆಚ್ಚು ಕಡಿಮೆ ಹಾಗೆಯೇ ಇತ್ತು, ಕೈಕಾಲಿಗೆ ಲಕ್ವ ಹೊಡೆದಿರಲಿಲ್ಲ. ಆದರೂ ಬೆಳಗ್ಗೆ ಕುಳಿತ ಜಾಗದಲ್ಲಿ ಸಂಜೆಯವರೆಗೆ ಕುಳಿತಿರುತ್ತಿದ್ದರು, ಬೇಸರವೆಂದೂ ಹೇಳುತ್ತಿರಲಿಲ್ಲ. ಪಕ್ಕದಲ್ಲಿದ್ದವರು "ಏಳಿ, ಇದನ್ನು ಮಾಡಿ" ಎಂದರೆ ಎದ್ದು ಸರಿಯಾಗಿ ಮಾಡುತ್ತಿದ್ದರು. ಆ ಮಾತು ನಿಂತರೆ ಮತ್ತೆ ಕುಳಿತುಬಿಡುತ್ತಿದ್ದರು. ಕೆಲಸ ಮಾಡುವ ಯಂತ್ರ ಕೆಟ್ಟಿರಲಿಲ್ಲ, ಒಳಗಿನಿಂದ ಅದನ್ನು ಚಾಲೂ ಮಾಡುವ ಗುಂಡಿಯೊಂದು ಕೆಟ್ಟಿತ್ತು. ಜಾನ್ ಸಲಮೋನ್ ಎಂಬ ಮನೋವಿಜ್ಞಾನಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಇನ್ನೊಂದು ಮಗ್ಗುಲನ್ನು ಕೊಡುತ್ತವೆ. ಒಂದು ದಾರಿಯ ಕೊನೆಯಲ್ಲಿ ಹೆಚ್ಚು ತಿನಿಸು, ಆದರೆ ನಡುವೆ ಹತ್ತಬೇಕಾದ ಎತ್ತರದ ತಡೆ; ಇನ್ನೊಂದು ದಾರಿಯ ಕೊನೆಯಲ್ಲಿ ಕಡಿಮೆ ತಿನಿಸು, ತಡೆಯಿಲ್ಲ. ಸಾಮಾನ್ಯ ಇಲಿ ತಡೆ ಹತ್ತುತ್ತದೆ. ಮಿದುಳಿನ ಒಂದು ಗೊತ್ತಾದ ಭಾಗದಲ್ಲಿ ಡೋಪಮೀನ್ ಕಡಿಮೆ ಮಾಡಿದ ಇಲಿ ಸುಲಭದ ದಾರಿ ಹಿಡಿಯುತ್ತದೆ. ತಡೆಯನ್ನು ತೆಗೆದುಬಿಟ್ಟರೆ ಅದೂ ಹೆಚ್ಚು ತಿನಿಸಿನ ಕಡೆಗೇ ಓಡುತ್ತದೆ. ಆಸೆ ಬತ್ತಿರಲಿಲ್ಲ, ಶ್ರಮದ ಬೆಲೆ ಏರಿತ್ತು. ಡೋಪಮೀನ್ ಎಂದರೆ ಸುಖದ ರಾಸಾಯನಿಕ ಎಂದು ಎಲ್ಲೆಡೆ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಈ ಇಲಿ ನೆನಪಾಗುತ್ತದೆ.

ಇಲ್ಲಿಗೆ ಬರಹವನ್ನು ಮುಗಿಸಬಹುದಾಗಿತ್ತು, ನನ್ನ ಪತ್ರ ಅಡ್ಡಬರದಿದ್ದರೆ. ಕಬ್ಬಿಣದ ಮಾತ್ರೆಗಳನ್ನು ನುಂಗತೊಡಗಿದ ಮೂರನೆಯ ತಿಂಗಳಿಗೆ ಮೆಟ್ಟಿಲಿನ ತಿರುವಿನಲ್ಲಿ ನಿಲ್ಲುವ ಅಗತ್ಯ ತಪ್ಪಿತು. ಬೆಳಗಿನ ಹೊತ್ತು ತಲೆಗೆ ಕವಿಯುತ್ತಿದ್ದ ಮೋಡ ಸರಿಯಿತು. ಆದರೆ ಕರಡು ಇನ್ನೂ "ಮೊದಲನೆಯದಾಗಿ" ಎಂಬಲ್ಲಿಯೇ ಇತ್ತು. ಮೈ ಎದ್ದಿತ್ತು, ಕೈ ಬಂದಿರಲಿಲ್ಲ. ಒಂದೇ ಹೆಸರಿನಡಿ ನಾನು ಸೇರಿಸಿಟ್ಟಿದ್ದವು ಎರಡು ಬೇರೆ ಬೇರೆ ಸಂಗತಿಗಳೆಂದು ಆಗ ತಿಳಿಯಿತು. ಒಂದಕ್ಕೆ ಮಾತ್ರೆ ನಾಟಿತು, ಇನ್ನೊಂದು ಮಾತ್ರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಆ ಇನ್ನೊಂದು ಹೊಸ ಕಾಯಿಲೆಯೇನಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯ ಗುಡಿಸಲುಗಳಲ್ಲಿ ಒಂಟಿಯಾಗಿ ತಪಸ್ಸು ಮಾಡುತ್ತಿದ್ದ ಕ್ರೈಸ್ತ ಸಂನ್ಯಾಸಿಗಳನ್ನು ನಡುಹಗಲಿನಲ್ಲಿ ಹಿಡಿಯುವ ಒಂದು ಭೂತದ ಬಗ್ಗೆ ಎವಾಗ್ರಿಯಸ್ ಎಂಬ ಸಂನ್ಯಾಸಿ ಬರೆದಿದ್ದಾನೆ. ಅದು ಹಿಡಿದಾಗ ಸೂರ್ಯ ಚಲಿಸುವುದೇ ಇಲ್ಲವೆನ್ನಿಸುತ್ತದೆ, ಹಗಲಿಗೆ ಐವತ್ತು ಗಂಟೆಯಾದಂತಿರುತ್ತದೆ. ಸಂನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಹೊರಗೆ ಬಂದು ಹೊತ್ತು ಎಷ್ಟು ಏರಿದೆ ಎಂದು ಅಳೆಯುತ್ತಾನೆ, ಯಾರಾದರೂ ಸೋದರ ಸಂನ್ಯಾಸಿ ಈ ಕಡೆ ಬರುತ್ತಿದ್ದಾನೆಯೇ ಎಂದು ಇಣುಕುತ್ತಾನೆ. ಈ ಜಾಗವೇ ಸರಿಯಿಲ್ಲ, ಬೇರೆಡೆ ಹೋಗಿದ್ದರೆ ಸಾಧನೆ ಸುಲಭವಾಗುತ್ತಿತ್ತು ಎಂದುಕೊಳ್ಳುತ್ತಾನೆ. ಎವಾಗ್ರಿಯಸ್ ಬರೆದ ಗ್ರೀಕ್ ಭಾಷೆಯಲ್ಲಿ ಇದರ ಹೆಸರು ಅಕೇಡಿಯ. ಆರನೆಯ ಶತಮಾನದ ಕೊನೆಗೆ ಪೋಪ್ ಗ್ರೆಗೊರಿ ಪಾಪಗಳ ಪಟ್ಟಿ ಮಾಡುವಾಗ ಇದನ್ನು ದುಃಖದೊಳಗೆ ಸೇರಿಸಿದ, ಮುಂದಿನ ಶತಮಾನಗಳಲ್ಲಿ ಅದು ಬರಬರುತ್ತ ಬರೀ ಸೋಮಾರಿತನವಾಗಿ ಉಳಿಯಿತು. ಮೂಲದಲ್ಲಿ ಅದು ಚಡಪಡಿಕೆ, ವಿಷಾದ, ಇದ್ದಲ್ಲಿ ಇರಲಾಗದ ಯಾತನೆ. ಕೊನೆಗೆ ಕೈಗೆ ಬಂದದ್ದು ಕೆಲಸಗೇಡಿತನದ ಆರೋಪ. ಕರಡಿನ ಮುಂದೆ ಕೂತು ಪದ ತಿದ್ದುತ್ತ, ಎದ್ದು ನೀರು ಕುಡಿದು, ಕಿಟಕಿಯ ಪರದೆ ಸರಿಪಡಿಸಿ, ಮತ್ತೆ ಕೂರುತ್ತಿದ್ದ ನನಗೆ ಆ ಸಂನ್ಯಾಸಿಯ ಗುರುತು ಚೆನ್ನಾಗಿಯೇ ಹತ್ತಿತು.

ಮನೋವಿಜ್ಞಾನಿಗಳಾದ ಫುಷಿಯಾ ಸಿರೊಯಿಸ್ ಮತ್ತು ತಿಮೊತಿ ಪೈಕಲ್ 2013ರಲ್ಲಿ ಇದನ್ನು ನೇರವಾಗಿ ಹೇಳಿದರು: ಕೆಲಸ ಮುಂದೂಡುವುದು ಸಮಯ ನಿರ್ವಹಣೆಯ ದೋಷವಲ್ಲ, ಆ ಕ್ಷಣದ ಮನಸ್ಥಿತಿಯನ್ನು ಸರಿಪಡಿಸಿಕೊಳ್ಳುವ ಯತ್ನ. ಕೆಲಸವನ್ನು ನೆನೆದರೆ ಒಂದು ಅಹಿತವಾದ ಭಾವ ಏಳುತ್ತದೆ, ಅದು ಭಯವಿರಬಹುದು, ನಾಚಿಕೆಯಿರಬಹುದು, ಬೇಸರವಿರಬಹುದು. ಕೆಲಸವನ್ನು ಬದಿಗಿಟ್ಟೊಡನೆ ಆ ಭಾವ ಇಳಿಯುತ್ತದೆ, ಆ ಇಳಿತವೇ ಬಹುಮಾನವಾಗಿ ಮುಂದಿನ ಬಾರಿಯೂ ಬದಿಗಿಡುವಂತೆ ಮಾಡುತ್ತದೆ. ಗಡಿಯಾರ ನನ್ನನ್ನು ಏಕೆ ಕರೆಯಿತು, ಪತ್ರ ಏಕೆ ದೂಡಿತು ಎಂಬುದಕ್ಕೆ ಇದಕ್ಕಿಂತ ಒಪ್ಪುವ ವಿವರಣೆ ನನಗೆ ಸಿಕ್ಕಿಲ್ಲ. ಗಡಿಯಾರಕ್ಕೆ ನನ್ನ ಮೇಲೆ ಯಾವ ನಿರೀಕ್ಷೆಯೂ ಇರಲಿಲ್ಲ. ಪತ್ರದ ಆಚೆ ಬದಿಯಲ್ಲಿ ಒಬ್ಬ ಮನುಷ್ಯನಿದ್ದ, ಮತ್ತು ಅವನ ಕಾದಂಬರಿಯ ಮೊದಲ ಅರುವತ್ತು ಪುಟ ಚೆನ್ನಾಗಿರಲಿಲ್ಲ. "ಮೊದಲನೆಯದಾಗಿ" ಎಂಬುದರ ಮುಂದೆ ಬರಬೇಕಾಗಿದ್ದ ಮಾತು ಅದು. ಎಂಟು ತಿಂಗಳು ನಾನು ತಪ್ಪಿಸಿಕೊಳ್ಳುತ್ತಿದ್ದುದು ಬರೆಯುವ ಶ್ರಮದಿಂದಲ್ಲ, ಆ ಒಂದು ವಾಕ್ಯದಿಂದ. (ಎಡಿಎಚ್‌ಡಿ, ಅಂದರೆ ಗಮನವನ್ನು ಒಂದೆಡೆ ನಿಲ್ಲಿಸಲು ಕಷ್ಟವಾಗುವ ತೊಂದರೆ ಇರುವ ಗೆಳತಿಯೊಬ್ಬಳು ಇದನ್ನು ಓದಿ, ತನಗೆ ಭಯವಿಲ್ಲದ ಕೆಲಸವೂ ಶುರುವಾಗುವುದಿಲ್ಲ, ಶುರು ಮಾಡುವುದೇ ತನಗೆ ಪ್ರತ್ಯೇಕವಾದೊಂದು ಕೆಲಸ ಎಂದಳು. ಅದನ್ನೂ ಇಲ್ಲಿ ಸೇರಿಸಬೇಕು. ಅವಳ ಶಾಲಾ ದಿನಗಳ ವರದಿಗಳಲ್ಲೆಲ್ಲ ಇರುವುದು "ಬುದ್ಧಿಯಿದೆ, ಪ್ರಯತ್ನವಿಲ್ಲ" ಎಂಬ ಷರಾ.)

ಮನಸ್ಸು ಬಾರದಿರುವುದರ ಕತೆ ಇವೆರಡಕ್ಕಿಂತ ಬೇರೆ, ಅದನ್ನು ನಾನು ಕಲಿತದ್ದು ಒಂದು ಕಚೇರಿಯಲ್ಲಿ. ಪ್ರತಿ ಶುಕ್ರವಾರ ಆರು ಪುಟದ ವರದಿಯೊಂದನ್ನು ನಾನು ಸಿದ್ಧಪಡಿಸಬೇಕಾಗಿತ್ತು. ಮೊದಲ ವರ್ಷ ಅದಕ್ಕೆ ಗುರುವಾರ ರಾತ್ರಿಯೆಲ್ಲ ಕೂರುತ್ತಿದ್ದೆ. ಎರಡನೆಯ ವರ್ಷ ಅನುಮಾನ ಬಂದು, ನಾಲ್ಕನೆಯ ಪುಟದ ನಡುವೆ "ಈ ಸಾಲನ್ನು ಓದಿದವರು ದಯವಿಟ್ಟು ನನಗೆ ತಿಳಿಸಿ" ಎಂದು ಸೇರಿಸಿ ಕಳುಹಿಸಿದೆ. ಹದಿನಾಲ್ಕು ವಾರ ಆ ಸಾಲು ಅಲ್ಲಿಯೇ ಇತ್ತು, ಯಾರೂ ಏನೂ ಕೇಳಲಿಲ್ಲ. ಆಮೇಲೆ ಶುಕ್ರವಾರಗಳು ಸೋಮವಾರಗಳಾದವು, ಆರು ಪುಟ ಮೂರಾಯಿತು, ಹಿಂದಿನ ವಾರದ ಅಂಕಿಗಳೇ ಈ ವಾರಕ್ಕೂ ಬಂದವು. ಆ ಕಚೇರಿಯ ವಾರ್ಷಿಕ ಮೌಲ್ಯಮಾಪನದಲ್ಲಿ "ಉತ್ಸಾಹದ ಕೊರತೆ" ಎಂದು ಬರೆದರು. ಬರೆದವರು ನನ್ನ ವರದಿಯನ್ನು ಓದಿರಲಿಲ್ಲವಾದ್ದರಿಂದ ಅವರಿಗೆ ಅದು ಹೇಗೆ ತಿಳಿಯಿತೆಂಬುದು ಇಂದಿಗೂ ನನಗೊಂದು ಕೌತುಕ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾವು ದುಡಿಮೆಯ ಉಪದೇಶವಾಗಿ ಓದುತ್ತೇವೆ. ಅದು ಅದಕ್ಕಿಂತ ಹೆಚ್ಚಾಗಿ ಒಂದು ಕರಾರು. ಕೆಸರಿಗೂ ಮೊಸರಿಗೂ ನಡುವೆ ಇರುವ ಆ "ಆದರೆ" ನಿಜವಾಗಿರುವವರೆಗೆ ಮಾತ್ರ ಕೈ ಕೆಸರಿಗಿಳಿಯುತ್ತದೆ. ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ನಾಯಿಗಳ ಮೇಲೆ ನಡೆಸಿದ, ಇಂದು ಓದಲು ಹಿಂಸೆಯಾಗುವ ಪ್ರಯೋಗದಲ್ಲಿ ಮುರಿದದ್ದು ಈ ಕರಾರೇ. ಕೆಲವು ನಾಯಿಗಳಿಗೆ ವಿದ್ಯುತ್ ಆಘಾತವನ್ನು ಮೂತಿಯಿಂದ ಫಲಕ ಒತ್ತಿ ನಿಲ್ಲಿಸಲು ಸಾಧ್ಯವಿತ್ತು; ಇನ್ನು ಕೆಲವಕ್ಕೆ ಅಷ್ಟೇ ಆಘಾತ ಬೀಳುತ್ತಿತ್ತು, ಏನು ಮಾಡಿದರೂ ಅದು ನಿಲ್ಲುತ್ತಿರಲಿಲ್ಲ. ಮರುದಿನ ಎಲ್ಲವನ್ನೂ ಗಿಡ್ಡ ತಡೆಯೊಂದನ್ನು ಹಾರಿದರೆ ಪಾರಾಗಬಹುದಾದ ಪೆಟ್ಟಿಗೆಯಲ್ಲಿಟ್ಟಾಗ ಮೊದಲ ಗುಂಪಿನವು ಹಾರಿದವು, ಎರಡನೆಯ ಗುಂಪಿನ ಹೆಚ್ಚಿನವು ಮಲಗಿ ಕುಂಯ್‌ಗುಟ್ಟುತ್ತ ಆಘಾತವನ್ನು ಸಹಿಸಿದವು. ಇದಕ್ಕೆ ಅವರು ಕಲಿತ ಅಸಹಾಯಕತೆ ಎಂಬ ಹೆಸರಿಟ್ಟರು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ಮಿದುಳಿನ ಅಧ್ಯಯನಗಳನ್ನು ಮುಂದಿಟ್ಟುಕೊಂಡು ತಮ್ಮ ಸಿದ್ಧಾಂತವನ್ನು ತಾವೇ ತಲೆಕೆಳಗು ಮಾಡಿದರು. ದೀರ್ಘಕಾಲದ ಕಷ್ಟಕ್ಕೆ ಮಿದುಳಿನ ಹುಟ್ಟು ಪ್ರತಿಕ್ರಿಯೆಯೇ ಸುಮ್ಮನೆ ಮಲಗಿಬಿಡುವುದು. ಅದನ್ನು ಯಾರೂ ಕಲಿಯಬೇಕಾಗಿಲ್ಲ. ಕಲಿಯಬೇಕಾದದ್ದು, ನನ್ನಿಂದ ಏನಾದರೂ ಬದಲಾಗುತ್ತದೆ ಎಂಬುದನ್ನು. ಮಿದುಳಿನ ಮುಂಭಾಗ ಅದನ್ನು ಪತ್ತೆಹಚ್ಚಿದಾಗ ಮಾತ್ರ ಆ ಹಳೆಯ ಮಲಗುವಿಕೆಯನ್ನು ತಡೆಹಿಡಿಯುತ್ತದೆ.

ಈ ತಿದ್ದುಪಡಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಉತ್ಸಾಹವೇ ಸಹಜ, ಸೋಮಾರಿತನ ಅದರಿಂದಾದ ಪತನ ಎಂದು ನಾವು ತಿಳಿದಿದ್ದೇವೆ, ಆದ್ದರಿಂದ ಬಿದ್ದವನಿಗೆ ಏಟು ಕೊಟ್ಟರೆ ಏಳುತ್ತಾನೆಂದೂ ನಂಬಿದ್ದೇವೆ. ಬಿದ್ದಿರುವುದೇ ಸಹಜವಾಗಿದ್ದು ಏಳುವುದು ಕಲಿಕೆಯಾಗಿದ್ದರೆ, ಏಟು ಆ ಕಲಿಕೆಗೆ ಏನನ್ನು ಸೇರಿಸುತ್ತದೆ? ಆ ನಾಯಿಗಳನ್ನು ಮತ್ತೆ ಸರಿಪಡಿಸಿದ ಬಗೆಯನ್ನೂ ಹೇಳಬೇಕು. ತಡೆಯನ್ನು ತೆಗೆದು ಆಚೆಯಿಂದ ಕರೆದರೂ ಅವು ಬರಲಿಲ್ಲ. ಕೊನೆಗೆ ಕೊರಳಿಗೆ ಹಗ್ಗ ಕಟ್ಟಿ ಆಚೆ ಬದಿಗೆ ಎಳೆದೊಯ್ಯಬೇಕಾಯಿತು, ಒಮ್ಮೆಯಲ್ಲ, ಹಲವು ಬಾರಿ. ಮೊದಮೊದಲು ಪೂರ್ತಿ ಭಾರ ಎಳೆಯಬೇಕಿತ್ತು, ಬರಬರುತ್ತ ಹಗ್ಗ ಸಡಿಲವಾಯಿತು, ಆಮೇಲೆ ಅವು ತಾವಾಗಿ ದಾಟತೊಡಗಿದವು. ಆಚೆ ಬದಿಯಲ್ಲಿ ನೋವಿಲ್ಲವೆಂಬುದು ಅವುಗಳ ಕಿವಿಗೆ ತಾಗಲಿಲ್ಲ, ಕಾಲಿಗೆ ತಿಳಿಯಬೇಕಾಯಿತು.

ಹಾಗೆಂದು ದುಡಿಯದ ಪ್ರತಿಯೊಬ್ಬನಲ್ಲೂ ಒಂದು ಕಾಯಿಲೆಯನ್ನು ಹುಡುಕುವವರ ಸಾಲಿಗೆ ಸೇರಲು ನನಗೆ ಭಯವಿದೆ, ಅದಕ್ಕೆ ಕಾರಣ ಸ್ಯಾಮ್ಯುಯೆಲ್ ಕಾರ್ಟ್‌ರೈಟ್. ಅಮೆರಿಕದ ಲೂಯಿಸಿಯಾನದ ಈ ವೈದ್ಯ 1851ರಲ್ಲಿ, ಗುಲಾಮರು ಕೆಲಸವನ್ನು ಅಸಡ್ಡೆಯಿಂದ ಮಾಡುವುದು, ಉಪಕರಣ ಮುರಿಯುವುದು ಒಂದು ರೋಗವೆಂದು ಘೋಷಿಸಿ ಅದಕ್ಕೆ ಉದ್ದನೆಯ ಹೆಸರೊಂದನ್ನಿಟ್ಟ. ಚಿಕಿತ್ಸೆಯೆಂದರೆ ಮೈಗೆ ಎಣ್ಣೆ ಹಚ್ಚಿ, ತೊಗಲಿನ ಪಟ್ಟಿಯಿಂದ ಬಡಿದು, ಬಿಸಿಲಿನಲ್ಲಿ ಕಠಿಣ ಕೆಲಸಕ್ಕೆ ಹಚ್ಚುವುದು. ಅವರು ಓಡಿಹೋಗುವುದೂ ಅವನ ಪ್ರಕಾರ ಬೇರೊಂದು ರೋಗ. ಕೊಕ್ಕೆಹುಳುವಿನ ಪ್ರಸಂಗದಲ್ಲಿ ರೋಗವನ್ನು ಸೋಮಾರಿತನವೆಂದರು, ಇಲ್ಲಿ ಪ್ರತಿರೋಧವನ್ನು ರೋಗವೆಂದರು. ಎರಡೂ ಕಡೆ ಕೇಳದೇ ಉಳಿದ ಪ್ರಶ್ನೆ ಒಂದೇ: ಈ ಕೆಲಸ ಯಾರಿಗೋಸ್ಕರ, ಅದರಿಂದ ಮಾಡುವವನಿಗೆ ಏನು? ಮನಸ್ಸು ಬಾರದಿರುವುದು ಕೆಲವೊಮ್ಮೆ ಮನಸ್ಸಿನ ತಪ್ಪಲ್ಲ, ಅದರ ತೀರ್ಮಾನ. ಯಾರೂ ಓದದ ಆ ವರದಿಯ ವಿಷಯದಲ್ಲಿ ನನ್ನ ಮನಸ್ಸು ನನಗಿಂತ ಆರು ತಿಂಗಳು ಮೊದಲೇ ಲೆಕ್ಕ ಮಾಡಿ ಮುಗಿಸಿತ್ತು ಎಂದು ಈಗ ಅನ್ನಿಸುತ್ತದೆ. ಅದನ್ನು ಅಸಹಾಯಕತೆಯೆನ್ನಬೇಕೋ ವಿವೇಕವೆನ್ನಬೇಕೋ ಎಂದು ಇನ್ನೂ ನಿರ್ಧರಿಸಲಾಗಿಲ್ಲ. ಎರಡೂ ಇದ್ದಿರಬಹುದು.

ತನ್ನನ್ನು ತಾನು ಬೈದುಕೊಳ್ಳುವುದರಿಂದ ಏನಾಗುತ್ತದೆ ಎಂಬುದಕ್ಕೆ 2010ರ ಒಂದು ಸಣ್ಣ ಅಧ್ಯಯನವಿದೆ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ ವಿದ್ಯಾರ್ಥಿಗಳಲ್ಲಿ, ಅದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಕಡಿಮೆ ಮುಂದೂಡಿದರು. ನಮ್ಮ ಊಹೆಗೆ ಇದು ವಿರುದ್ಧವಾಗಿದೆ. ಬೈದುಕೊಂಡರೆ ಬುದ್ಧಿ ಬರುತ್ತದೆಂದೇ ನಾವು ನಂಬುವುದು. ಆದರೆ ಮುಂದೂಡುವುದರ ಬೇರು ಅಹಿತವಾದ ಭಾವದಲ್ಲಿದ್ದರೆ, ಬೈಗುಳ ಆ ಭಾವಕ್ಕೆ ಇನ್ನಷ್ಟು ಗೊಬ್ಬರ ಹಾಕುತ್ತದೆಯೇ ಹೊರತು ಅದನ್ನು ಕೀಳುವುದಿಲ್ಲ. ಎಂಟು ತಿಂಗಳಲ್ಲಿ ನನ್ನ ಪತ್ರ ಮೊದಲಿಗಿಂತ ಭಾರವಾಗುತ್ತಲೇ ಹೋಗಿತ್ತು. ಮೊದಲ ತಿಂಗಳು ಅದರಲ್ಲಿ ಹೇಳಬೇಕಾಗಿದ್ದುದು ಅರುವತ್ತು ಪುಟದ ಮಾತು ಮಾತ್ರ. ಎಂಟನೆಯ ತಿಂಗಳಿಗೆ ಅದರ ಮೇಲೆ ಏಳು ತಿಂಗಳ ತಡಕ್ಕೆ ಕೊಡಬೇಕಾದ ವಿವರಣೆ, ಆ ವಿವರಣೆಯ ನಾಚಿಕೆ, ನಾಚಿಕೆಯ ಮೇಲಿನ ಸಿಟ್ಟು ಎಲ್ಲವೂ ಪೇರಿಕೊಂಡಿದ್ದವು.

ಕೊನೆಗೆ ಅವರೇ ಒಂದು ಸಾಲು ಕಳುಹಿಸಿದರು. "ಹಸ್ತಪ್ರತಿಯ ವಿಚಾರ ಬಿಡಿ. ನಿಮ್ಮ ಆರೋಗ್ಯ ಸರಿಯಾಗಿದೆ ತಾನೆ?" ಅದನ್ನು ಓದಿದ ಮೇಲೆ ಹಳೆಯ ಕರಡನ್ನು ಅಳಿಸಿಹಾಕಿ, "ಮೊದಲನೆಯದಾಗಿ" ಎಂಬ ಪದವಿಲ್ಲದೆ ಹೊಸದಾಗಿ ಬರೆಯತೊಡಗಿದೆ. ಆರೋಗ್ಯ ನಡುವೆ ಕೆಟ್ಟಿತ್ತು, ಈಗ ಸರಿಯಾಗಿದೆ. ಆದರೆ ತಡಕ್ಕೆ ಅದೊಂದೇ ಕಾರಣವಲ್ಲ. ನಿಮ್ಮ ಕಾದಂಬರಿಯ ಮೊದಲ ಅರುವತ್ತು ಪುಟ ನನಗೆ ಹಿಡಿಸಲಿಲ್ಲ, ಅದನ್ನು ಹೇಳಲು ಅಂಜಿ ಇಷ್ಟು ದಿನ ಕಳೆದೆ. ಅಲ್ಲಿಂದ ಮುಂದಿನದನ್ನು ಒಂದೇ ಉಸಿರಿನಲ್ಲಿ ಓದಿದೆ. ಬರೆದು ಕಳುಹಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಸಂಜೆ ಅವರ ಉತ್ತರ ಬಂತು. ಆ ಅರುವತ್ತು ಪುಟಗಳನ್ನು ಅವರು ನಾಲ್ಕು ತಿಂಗಳ ಹಿಂದೆಯೇ ಕಿತ್ತುಹಾಕಿದ್ದರು.

ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ವಿಂಗಡಿಸಬೇಕಾದ ಹಳೆಯ ಫೋಟೋಗಳ ಕಟ್ಟೊಂದಿದೆ, ಮೂರು ವರ್ಷಗಳಿಂದ. ಫೆರಿಟಿನ್ ಈಗ 40 ದಾಟಿದೆ, ಆ ಫೋಟೋಗಳಲ್ಲಿ ನನ್ನನ್ನು ಹೆದರಿಸುವವರು ಯಾರೂ ಇಲ್ಲ, ವಿಂಗಡಿಸಿದರೆ ನೋಡಿ ಸಂತೋಷಪಡುವವರೂ ಇದ್ದಾರೆ. ಆದರೂ ಖಾನೆ ಎಳೆದಾಗಲೆಲ್ಲ ಅದನ್ನು ಒಂದು ಗಳಿಗೆ ನೋಡಿ ಮತ್ತೆ ತಳ್ಳುತ್ತೇನೆ. ಅಮ್ಮ ಇದ್ದಿದ್ದರೆ ಅದಕ್ಕೆ ಏನೆನ್ನುತ್ತಿದ್ದರೆಂದು ನನಗೆ ಗೊತ್ತು. ಈ ಒಂದು ಖಾನೆಯ ವಿಷಯದಲ್ಲಿ ಅವರೊಡನೆ ವಾದಿಸಲು ನನ್ನ ಬಳಿ ಸದ್ಯಕ್ಕೆ ಏನೂ ಇಲ್ಲ.